ಗಣಿಯ ತಳದ ಒಲೆ

ಚಿನ್ನದ ಗಣಿಗೆ ಇಳಿಯುವವರ ಜೇಬು ತಪಾಸಣೆ ಮಾಡುವ ಕೆಲಸ ಫಿಲೋಮಿನಮ್ಮನವರ ಮನೆತನದಲ್ಲಿ ಮೂರು ತಲೆಮಾರಿನಿಂದ ಇತ್ತು. ಅಜ್ಜ, ಅಪ್ಪ, ಈಗ ಅವರು. ಇವರ ಕಣ್ಣು ತಪ್ಪಿಸಿ ಒಂದು ಬೆಂಕಿಕಡ್ಡಿಯೂ ಕೆಳಗಿಳಿದದ್ದಿಲ್ಲ.

ಹೊಸ ಅಧಿಕಾರಿ ಒಂದು ದಿನ, ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನ ಊಟದ ಡಬ್ಬಿ ಮುಟ್ಟಿದ. ಉಳಿದ ಅನ್ನ ಇನ್ನೂ ಬಿಸಿಯಾಗಿತ್ತು.

"ಕೆಳಗೆ ಒಲೆ ಹಚ್ಚುತ್ತಾರಾ? ಏನಮ್ಮಾ, ಕಡ್ಡಿಪೆಟ್ಟಿಗೆ ಬಿಟ್ಟವಳು ನೀನೇ ತಾನೆ? ನಿಮ್ಮಪ್ಪನೂ ಇದೇ ಕಳ್ಳಾಟ ಆಡಿರಬೇಕು. ಆ ಒಲೆ ಈಗಲೇ ಇಲ್ಲಿಗೆ ಬರಬೇಕು. ಇಲ್ಲದಿದ್ದರೆ ನಾಳೆಯಿಂದ ನಿನಗೆ ಕೆಲಸವಿಲ್ಲ!"

ಫಿಲೋಮಿನಮ್ಮನವರ ಮೈಯೆಲ್ಲ ಉರಿಯಿತು. ದನಿ ಮಾತ್ರ ಏರಲಿಲ್ಲ. ಫೋನೆತ್ತಿ ಗಣಿಯ ತಳದಲ್ಲಿದ್ದ ಕಾರ್ಮಿಕನಿಗೆ ಹೇಳಿದರು: "ಆರೋಗ್ಯಂ, ನೀವು ಡಬ್ಬಿ ಇಡುವ ಒಲೆ ಸಾಹೇಬರಿಗೆ ಬೇಕಂತೆ. ಗೋಣಿ ಸುತ್ತಿ ಕಳಿಸಪ್ಪ."

ಲಿಫ್ಟಿನಲ್ಲಿ ಗಂಟು ಬಂತು. ಅಧಿಕಾರಿ ಗೆದ್ದವನಂತೆ ಗೋಣಿಯೊಳಗೆ ಕೈ ಹಾಕಿದ. "ಅಯ್ಯಯ್ಯೋ!" ಎಂದು ಹಾರಿ, ಬೆರಳು ಬಾಯಿಗಿಟ್ಟುಕೊಂಡ. ಒಳಗಿದ್ದದ್ದು ಬರೀ ಕಲ್ಲು.

"ಎರಡು ಮೈಲಿ ಆಳದಲ್ಲಿ ಬಂಡೆಯೇ ಹೀಗೆ ಕಾದಿರುತ್ತದೆ, ಸಾರ್" ಎಂದರು ಫಿಲೋಮಿನಮ್ಮ. " ಅದರ ಮೇಲೆ ಡಬ್ಬಿ ಇಟ್ಟರೆ ಸಾಕು, ಕಡ್ಡಿ ಬೇಡ. ಇದು ಒಲೆಯ ಒಂದು ಚೂರು, ಬರುವಷ್ಟರಲ್ಲಿ ತುಸು ಆರಿದ್ದು. ಉಳಿದದ್ದನ್ನು ಜಪ್ತಿ ಮಾಡಲು ತಾವೇ ಇಳಿಯುತ್ತೀರಾ?"

ಸುತ್ತ ನಿಂತ ಕಾರ್ಮಿಕರು ಗೊಳ್ಳೆಂದು ನಕ್ಕರು. "ಸರಿ ಸರಿ, ಹೋಗಲಿ ಬಿಡಿ" ಎನ್ನುತ್ತಾ ಅಧಿಕಾರಿ ಬಾಗಿಲ ಕಡೆ ತಿರುಗಿದ. ಫಿಲೋಮಿನಮ್ಮ ಬಾಗಿಲಿಗೆ ಅಡ್ಡ ನಿಂತರು.

"ಇಷ್ಟು ಜನರೆದುರು ನನ್ನಪ್ಪನನ್ನು ಕಳ್ಳ ಅಂದಿರಿ. ಇಷ್ಟು ಜನರೆದುರೇ ಕ್ಷಮೆ ಕೇಳಿ."