ಜೋಯಿಸರ ಮನೆಯ ಮೆಮೊರಿ

"ಗುರುಗಳೇ, ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳೋದು ಹೇಗೆ?"

ಕೇಳಿದವನು ತಿರುಮಲ. ಮಠದ ಪಾಠಶಾಲೆಯ ಶಿಷ್ಯ. ಜಗಲಿಯ ಮೇಲೆ ಬಾವಿಕಟ್ಟೆಗೆ ಬೆನ್ನು ಹಾಕಿ ಕೂತಿದ್ದ. ಬಾವಿಕಟ್ಟೆಯಲ್ಲಿ ನರಹರಿ ನೀರು ಸೇದುತ್ತಿದ್ದ. ಇಬ್ಬರೂ ಒಂದೇ ವರ್ಷ ಬಂದವರು, ಒಂದೇ ಕೋಣೆಯವರು. ಈ ಸಲದ ಆರಾಧನೆಯಲ್ಲಿ ಪ್ರವಚನ ಮಾಡು ಅಂತ ಗುರುಗಳು ನರಹರಿಗೆ ಹೇಳಿದ್ದರು. ಅವತ್ತಿನಿಂದ ತಿರುಮಲ ಎಲ್ಲಿ ಕೂತರೂ ನರಹರಿಯ ಕಡೆಗೆ ಅವನ ಬೆನ್ನೇ ಇರುತ್ತಿತ್ತು.

"ಓದಿದ್ದು ನಿಲ್ಲೋದಿಲ್ಲ ಗುರುಗಳೇ. ಒಂದೆಲಗದ ತಂಬುಳಿ ಉಂಡೆ. ಬ್ರಾಹ್ಮೀ ತುಪ್ಪ ನೆಕ್ಕಿದೆ. ಆದರೂ ಬೆಳಗ್ಗೆ ಕಲಿತ ಶ್ಲೋಕ ಮಧ್ಯಾಹ್ನಕ್ಕೆ ಇರೋಲ್ಲ. ತಲೆಯಲ್ಲಿ ಜಾಗವೇ ಇಲ್ಲವೇನೋ."

ಗುರುಗಳು ಚಾಪೆಯ ಮಡಚಿದ್ದ ತುದಿಯನ್ನು ಸರಿಮಾಡಿ ಕೂತರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜೋಯಿಸರಿದ್ದರು. ಜಾತಕ ನೋಡಿ ಗಂಡುಹೆಣ್ಣಿಗೆ ಸಂಬಂಧ ಕೂಡಿಸುವುದು ಅವರ ಮನೆತನದ ಕೆಲಸ. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಒಮ್ಮೆ ಬಿಚ್ಚಿದ ಜಾತಕವನ್ನು ಎರಡೂ ಕಡೆಯವರು ಹೂಂ ಅಥವಾ ಉಹೂಂ ಅನ್ನುವವರೆಗೆ ಮಡಿಸಬಾರದು. ನಡುವೆ ಮಡಿಸಿದರೆ ಸಂಬಂಧ ಮುರಿದುಹೋಗುತ್ತದೆ. ಅಜ್ಜ ಜಾತಕವನ್ನು ಮಣೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಅಡಿಕೆ ಇಟ್ಟು, ಉತ್ತರ ಬರುವವರೆಗೆ ಕಾಯುತ್ತಿದ್ದ. ಅಜ್ಜನ ಕಾಲದಲ್ಲಿ ಬರುತ್ತಿದ್ದ ಸಂಬಂಧಗಳೇ ಕಮ್ಮಿ. ಹೆಚ್ಚೆಂದರೆ ಮನೆಯವರು ನಡುಮನೆಯಲ್ಲಿ ಸ್ವಲ್ಪ ಸುತ್ತಿ ನಡೆಯಬೇಕಾಗುತ್ತಿತ್ತು.

ಮೊಮ್ಮಗನ ಕಾಲಕ್ಕೆ ಮಣೆಯ ಜಾಗಕ್ಕೆ ಕಂಪ್ಯೂಟರ್ ಬಂತು. ಪದ್ಧತಿ ಹಾಗೇ ಉಳಿಯಿತು. ಜೋಯಿಸರು ತೆರೆದ ಜಾತಕವನ್ನು ಮುಚ್ಚುತ್ತಿರಲಿಲ್ಲ. ಮುಚ್ಚದೆ ಕಂಪ್ಯೂಟರ್ ಆಫ್ ಮಾಡುವ ಹಾಗಿಲ್ಲ, ಹಾಗಾಗಿ ಆಫೂ ಮಾಡುತ್ತಿರಲಿಲ್ಲ. ಪರದೆಯ ಮೇಲೆ ಒಂದರ ಮೇಲೊಂದು ಕಿಟಕಿ, ಕಿಟಕಿಗೊಂದು ಜಾತಕ. ಕರೆಂಟ್ ಹೋದರೆ ಕಷ್ಟ ಅಂತ ಅದಕ್ಕೊಂದಕ್ಕೇ ಇನ್ವರ್ಟರ್ ಹಾಕಿಸಿದರು. ಕರೆಂಟ್ ಹೋದಾಗ ಮನೆಯ ಫ್ಯಾನೆಲ್ಲ ನಿಲ್ಲುತ್ತಿತ್ತು. ಕಂಪ್ಯೂಟರ್ ಮಾತ್ರ ನಂದಾದೀಪದ ಹಾಗೆ ಉರಿಯುತ್ತಿತ್ತು.

"ದೇವರ ಮುಂದಿನ ದೀಪಕ್ಕೆ ಎಣ್ಣೆ ಇದೆಯಾ ಅಂತ ಒಂದಿನ ನೋಡಿದವರಲ್ಲ," ಅನ್ನುತ್ತಿದ್ದರು ಹೆಂಡತಿ, ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾ.

ಎಲ್ಲಕ್ಕಿಂತ ಮುಂದಿನ ಕಿಟಕಿಯಲ್ಲಿ ಇದ್ದದ್ದು ಜೋಯಿಸರ ಸ್ವಂತ ಮಗಳು ಮೇದಿನಿಯ ಜಾತಕ. ಪಕ್ಕದಲ್ಲಿ ಅದೇ ಊರಿನ ಒಂದು ಒಳ್ಳೆಯ ಮನೆತನದ ಹುಡುಗನದು. ಯುಗಾದಿಯ ಹೊತ್ತಿಗೆ ತೆರೆದದ್ದು. ಹುಡುಗನ ಮನೆಯವರು, ನೋಡಿ ಹೇಳ್ತೀವಿ ಅಂದಿದ್ದರು. ದೀಪಾವಳಿ ಬಂದು ಹೋಯಿತು. ಇನ್ನೂ ನೋಡುತ್ತಿದ್ದರು.

ಅಲ್ಲಿಯವರೆಗೆ ಮೇದಿನಿಯ ಬದುಕು ಆ ಕಿಟಕಿಯಲ್ಲೇ ನಿಂತಿತ್ತು. ಪಕ್ಕದ ತಾಲ್ಲೂಕಿನ ಶಾಲೆಯಿಂದ ಮೇಷ್ಟರ ಕೆಲಸಕ್ಕೆ ಕರೆದಿದ್ದರು, ಹೋಗಲಾ ಅಂತ ಕೇಳಿದಳು. ಆ ಮನೆಯಿಂದ ಉತ್ತರ ಬರಲಿ ಅಂದರು ಅಪ್ಪ. ಹೋಗಲಿ, ಮೂಗಾದರೂ ಚುಚ್ಚಿಸಿಕೊಳ್ಳಲಾ ಅಂದಳು. ಅವರಿಗೆ ಎಡಗಡೆ ಇಷ್ಟವೋ ಬಲಗಡೆ ಇಷ್ಟವೋ, ಉತ್ತರ ಬರಲಿ ಅಂದರು.

ಕಿಟಕಿಗಳು ಹೆಚ್ಚಿದಂತೆ ಕಂಪ್ಯೂಟರ್ ದಿನೇದಿನೇ ನಿಧಾನವಾಯಿತು. ಒಂದು ದಿನ ಹೆಣ್ಣಿನ ತಂದೆಯೊಬ್ಬರು ವರನ ಫೋಟೋ ನೋಡಲು ದೂರದ ಊರಿನಿಂದ ಬಂದರು. ಜೋಯಿಸರು ಫೋಟೋ ಒತ್ತಿದರು. ಮೊದಲು ಕೂದಲು ಬಂತು. ಕಾಫಿ ಕುಡಿಯುವ ಹೊತ್ತಿಗೆ ಹಣೆ ಬಂತು. ಎರಡನೇ ಕಾಫಿಗೆ ಮೀಸೆ ಬಂದು ಅಲ್ಲೇ ನಿಂತಿತು. ಬಂದವರು ಬಹಳ ಹೊತ್ತು ಕಾದರು. ಕೊನೆಗೆ, "ಮೀಸೆ ಚೆನ್ನಾಗಿದೆ ಜೋಯಿಸರೇ, ಬಸ್ಸಿಗೆ ಹೊತ್ತಾಯ್ತು," ಅಂತ ಎದ್ದುಹೋದರು.

ಹೆಂಡತಿಯ ತಮ್ಮ ಬಂದು ನೋಡಿ ತಲೆ ಆಡಿಸಿದ. "ಭಾವ, ಇದಕ್ಕೆ ಮೆಮೊರಿ ಸಾಲದು. ಹೊಸದು ಹಾಕಿಸಿ."

ಜೋಯಿಸರು ಅಂಗಡಿಗೆ ಹೋದರು. ಅಂಗಡಿಯವನು ಕೇಳಿದ, "ನಿಮ್ಮದು ಡಿಡಿಆರ್ ತ್ರೀನೋ, ಫೋರೋ?"

"ಎರಡೂ ಒಂದೇ ಮನೆತನ ಅಲ್ಲವೇನಪ್ಪ?"

"ಮನೆತನ ಒಂದೇ ಸ್ವಾಮಿ, ಆದ್ರೆ ಕೂಡಲ್ಲ. ಈ ಮೆಮೊರಿ ಪಟ್ಟಿಯ ಕೆಳಗೆ ಒಂದು ಕಚ್ಚು ಇದೆ ನೋಡಿ. ಕಂಪ್ಯೂಟರಿನ ಒಳಗಿನ ಬೋರ್ಡಿನ ಕಚ್ಚಿಗೆ ಅದು ಹೊಂದಬೇಕು. ಹೊಂದದಿದ್ರೆ ನೀವು ಮೇಲೆ ಹತ್ತಿ ಕೂತ್ರೂ ಇಳಿಯಲ್ಲ. ವೇಗನೂ ಕೂಡಬೇಕು."

ಜೋಯಿಸರಿಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ತನ್ನ ಭಾಷೆ ಮಾತಾಡುವ ಅಂಗಡಿಯವನು ಸಿಕ್ಕಿದ್ದು ಇದೇ ಮೊದಲು. ಮನುಷ್ಯರಿಗೆ ಗೋತ್ರ ಬೇರೆ ಇರಬೇಕು, ಮೆಮೊರಿಗೆ ಒಂದೇ ಇರಬೇಕು, ಅಷ್ಟೇ ವ್ಯತ್ಯಾಸ ಅಂದುಕೊಂಡರು. ಮನೆಗೆ ಬಂದು, ನಡೆಯುತ್ತಿದ್ದ ಯಂತ್ರದ ಪಕ್ಕೆಯ ತಗಡು ಬಿಚ್ಚಿ, ಉಸಿರು ಬಿಗಿಹಿಡಿದು ಒಳಗಿದ್ದ ಹಳೇ ಪಟ್ಟಿಯ ಫೋಟೋ ತೆಗೆದುಕೊಂಡು ಹೋಗಿ ತೋರಿಸಿದರು. ತ್ರೀ ಅಂತ ಗೊತ್ತಾಯಿತು.

"ಈಗ ನಾಲ್ಕು ಜಿಬಿ ಇದೆ. ಎಂಟು ಹಾಕಿ, ಸಾಕು," ಅಂದ ಅಂಗಡಿಯವನು.

"ಎಂಟು ಬೇಡ. ಅಷ್ಟಮ ಸ್ಥಾನ ನಮಗೆ ಆಗಿಬರಲ್ಲ. ಒಂಬತ್ತು ಇಲ್ಲವೇ?"

"ಒಂಬತ್ತು ಬರಲ್ಲ ಸ್ವಾಮಿ. ಎಂಟು ಬಿಟ್ರೆ ಹದಿನಾರು."

ಹದಿನಾರು ಒಳ್ಳೆಯದು. ಷೋಡಶೋಪಚಾರ, ಷೋಡಶ ಸಂಸ್ಕಾರ. ಜೋಯಿಸರು ಒಪ್ಪಿದರು. ಆದರೆ ಅವರ ಬೋರ್ಡಿನಲ್ಲಿ ಪಟ್ಟಿ ಕೂರುವ ಜಾಗ ಎರಡು, ಒಂದೊಂದು ತಡೆಯುವುದು ಎಂಟೇ. ಹಳೇ ನಾಲ್ಕನ್ನು ತೆಗೆದು ಎಂಟರ ಎರಡು ಹಾಕಬೇಕು. ಎರಡು ಅಶುಭ ಸೇರಿದರೆ ಒಂದು ಶುಭ ಆಗಬಹುದೇ ಅಂತ ಜೋಯಿಸರು ಅಂಗಡಿಯ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಯೋಚಿಸಿದರು. ಆಗಬಹುದು ಅನ್ನಿಸಿತು. ಎರಡು ಪಟ್ಟಿಗಳನ್ನು ಕಟ್ಟಿಸಿಕೊಂಡು ಮೆಟ್ಟಿಲಿಳಿದರು.

ಹಿಂದಿನಿಂದ ಅಂಗಡಿಯವನು ಕೂಗಿ ಹೇಳಿದ, "ಸ್ವಾಮಿ, ಹಾಕೋ ಮುಂಚೆ ಮಷೀನ್ ಆಫ್ ಮಾಡಿ. ಮರೀಬೇಡಿ."

ಜೋಯಿಸರ ಕಾಲು ಮೆಟ್ಟಿಲಲ್ಲೇ ನಿಂತಿತು.

ಹೊಸ ಮೆಮೊರಿ ದೇವರ ಕೋಣೆಗೆ ಹೋಯಿತು. ಮನೆಗೆ ಬಂದ ಯಾವ ಹೊಸ ವಸ್ತುವೂ ಮೊದಲು ಅಲ್ಲಿಗೇ ಹೋಗಬೇಕು. ಹೆಂಡತಿ ಅವನ್ನು ಬೆಳ್ಳಿತಟ್ಟೆಯಲ್ಲಿ ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಪಟ್ಟಿಯ ಒಂದು ಅಂಚು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು. ಲಕ್ಷ್ಮಿ ಇರುವ ಕಡೆ ಅಂತ ಅಲ್ಲಿಗೆ ಇನ್ನಷ್ಟು ಕುಂಕುಮ ಬಿತ್ತು.

ಜೋಯಿಸರು ಮುಹೂರ್ತ ಹುಡುಕತೊಡಗಿದರು. ಪಂಚಾಂಗದಲ್ಲಿ ಒಳ್ಳೆಯ ದಿನಗಳಿಗೆ ಬರ ಇರಲಿಲ್ಲ. ಆದರೂ ಒಂದು ದಿನ ನಕ್ಷತ್ರ ಸರಿ ಇದ್ದರೆ ತಿಥಿ ಸರಿ ಇಲ್ಲ ಅಂದರು, ತಿಥಿ ಸರಿ ಇದ್ದ ದಿನ ತಮಗೆ ನೆಗಡಿ ಅಂದರು. ಪರದೆಯ ಮುಂದೆ ಕೂತು ಮಗಳ ಜಾತಕ ನೋಡುತ್ತಿದ್ದರು. ಊರಿನ ಅರ್ಧ ಮದುವೆ ಮಾಡಿಸಿದ ಕೈ ತನ್ನದು. ಅದೇ ಕೈಯಿಂದ ಮಗಳ ಸಂಬಂಧವನ್ನು ಮುಚ್ಚುವುದು ಹೇಗೆ?

ಒಂದು ದಿನ ಮೇದಿನಿ ಬಂದು ಪಕ್ಕದಲ್ಲಿ ನಿಂತಳು. "ಅಪ್ಪ, ಆ ಶಾಲೆಯವರು ಮತ್ತೆ ಕೇಳಿದ್ದಾರೆ. ಈ ವಾರ ಹೇಳದಿದ್ದರೆ ಬೇರೆಯವರನ್ನು ತಗೋತಾರಂತೆ."

"ಆ ಮನೆಯಿಂದ ಉತ್ತರ..."

"ಉತ್ತರ ಬರದೇ ಇರೋದೂ ಒಂದು ಉತ್ತರ ಅಪ್ಪ. ಈ ಕಿಟಕಿ ತೆರೆದಿರೋವರೆಗೆ ನಾನು ಈ ಮನೆಯವಳೂ ಅಲ್ಲ, ಆ ಮನೆಯವಳೂ ಅಲ್ಲ. ಹೊಸಲಿನ ಮೇಲೆ ನಿಂತೂ ನಿಂತೂ ಕಾಲು ನೋಯ್ತಿದೆ."

ಅವಳು ಜೋರಾಗಿ ಹೇಳಲಿಲ್ಲ. ಹಾಗಾಗಿ ಜೋಯಿಸರಿಗೆ ಸರಿಯಾಗಿ ಕೇಳಿಸಿತು. ಪಂಚಾಂಗ ತೆಗೆಯಲಿಲ್ಲ. ಗಡಿಯಾರ ಮಾತ್ರ ನೋಡಿದರು. ರಾಹುಕಾಲಕ್ಕೆ ಸ್ವಲ್ಪ ಹೊತ್ತಿತ್ತು.

ಆಫ್ ಮಾಡಲು ಹೋದರೆ ಯಂತ್ರ ಒಂದೊಂದು ಜಾತಕಕ್ಕೂ, ಮುಚ್ಚಲೇ, ಅಂತ ಕೇಳಿತು. ಜೋಯಿಸರು ಒಂದೊಂದಕ್ಕೂ ಹೂಂ ಅನ್ನುತ್ತಾ ಬಂದರು. ಯಾರನ್ನೆಲ್ಲ ಕಾಯುತ್ತಿದ್ದೆ ಅಂತ ಆಗ ಗೊತ್ತಾಯಿತು. ಒಬ್ಬ ವರ ಸನ್ಯಾಸಿ ಆಗಿ ಅವನ ಗಡ್ಡ ಆಗಲೇ ನರೆತಿತ್ತು. ಒಬ್ಬ ವಧು ಬೇರೆ ಕಡೆ ಮದುವೆಯಾಗಿದ್ದಳು, ಅವಳ ಮಗುವಿಗೆ ನಾಮಕರಣ ಮಾಡಿಸಿದ್ದು ಸ್ವತಃ ಜೋಯಿಸರೇ. ಕೊನೆಗೆ ಉಳಿದದ್ದು ಮೇದಿನಿಯದು. ಮುಚ್ಚಲೇ, ಅಂತ ಕೇಳಿತು. ಜೋಯಿಸರು ಮಗಳ ಮುಖ ನೋಡಿದರು. ಹೂಂ ಅಂದರು.

ಪರದೆ ಕಪ್ಪಾಯಿತು. ಯಂತ್ರದೊಳಗಿನ ಫ್ಯಾನಿನ ಸದ್ದು ನಿಂತಿತು. ಮನೆಯಲ್ಲಿ ಅಷ್ಟು ದಿನವೂ ಒಂದು ಸದ್ದು ಇತ್ತು ಅಂತ ಎಲ್ಲರಿಗೂ ಆಗಲೇ ಗೊತ್ತಾದದ್ದು.

ಜೋಯಿಸರು ಪಕ್ಕೆಯ ತಗಡು ತೆಗೆದು, ಹಳೇ ಪಟ್ಟಿಯನ್ನು ಬಿಡಿಸಿ, ಧೂಳನ್ನು ಉತ್ತರೀಯದಲ್ಲಿ ಒರೆಸಿದರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ರಾಹುಕಾಲ ಬಂತು, ಬೇಗ ಮುಗಿಸಿ," ಅಂತ ಕೂಗಿದರು. ಜೋಯಿಸರು ಗಡಬಡಿಸಿ ಕೈಯಲ್ಲಿದ್ದದ್ದನ್ನು ಒಳಗಿಟ್ಟು ಕಟ್ ಅನ್ನುವವರೆಗೆ ಒತ್ತಿ, ತಗಡು ಮುಚ್ಚಿ, ಗುಂಡಿ ಅದುಮಿದರು.

ಕಂಪ್ಯೂಟರ್ ಹಾರಿತು. ಫೋಟೋ ಒತ್ತಿದರೆ ಕೂದಲು, ಹಣೆ, ಮೀಸೆ, ಚಪ್ಪಲಿ, ಎಲ್ಲ ಒಟ್ಟಿಗೆ ಬಂತು. ಜೋಯಿಸರು ಹೆದರುತ್ತಲೇ ಹುಡುಕಿದರು. ಮುಚ್ಚಿದ ಜಾತಕಗಳೆಲ್ಲ ಪೆಟ್ಟಿಗೆಯೊಳಗೆ ಇಟ್ಟಲ್ಲೇ ಇದ್ದವು. ಒಂದೂ ಕಳೆದಿರಲಿಲ್ಲ.

"ಷೋಡಶ ಅಂದರೆ ಷೋಡಶ," ಅಂದರು ಹೆಂಡತಿಗೆ.

ಧೈರ್ಯ ಬಂದಿತ್ತು. ಹುಡುಗನ ಮನೆಗೆ ತಾವೇ ಫೋನ್ ಮಾಡಿದರು. "ಯಜಮಾನರೇ, ತಪ್ಪು ತಿಳೀಬೇಡಿ. ನಿಮ್ಮ ಹುಡುಗನ ಜಾತಕ ಮುಚ್ಚಿಬಿಟ್ಟೆ."

ಆ ಕಡೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು. "ಅಬ್ಬ. ದೊಡ್ಡ ಉಪಕಾರ ಮಾಡಿದಿರಿ ಜೋಯಿಸರೇ. ಹುಡುಗನಿಗೆ ಈಗಲೇ ಮದುವೆ ಬೇಡವಂತೆ. ಜಾತಕ ಕೂಡಲಿಲ್ಲ ಅಂತ ಸುಳ್ಳು ಹೇಳೋಣ ಅಂದರೆ, ಜೋಯಿಸರಿಗೇ ಆ ಮಾತು ಹೇಳೋದು ಹೇಗೆ? ಯುಗಾದಿಯಿಂದ ನಿಮ್ಮ ಬೀದಿಗೇ ಕಾಲಿಟ್ಟಿಲ್ಲ. ತರಕಾರಿ ತರೋಕೂ ಕೆರೆ ಏರಿ ಸುತ್ತಿ ಹೋಗ್ತಿದ್ದೀವಿ."

ಜೋಯಿಸರಿಗೆ ಅವಮಾನ ಆಗಬೇಕಿತ್ತು. ಬೆನ್ನಿನಿಂದ ಅಕ್ಕಿಮೂಟೆ ಇಳಿಸಿದ ಹಾಗಾಯಿತು. "ನಾಳೆಯಿಂದ ನಮ್ಮ ಬೀದಿಯಲ್ಲೇ ಬನ್ನಿ. ಕಾಫಿ ಕುಡಿದು ಹೋಗಿ," ಅಂದರು.

ಅವತ್ತೇ ಮೇದಿನಿ ಶಾಲೆಗೆ ಒಪ್ಪಿಗೆ ಹೇಳಿದಳು. ಸಂಜೆ ಅಕ್ಕಸಾಲಿಯ ಹತ್ತಿರ ಹೋಗಿ ಮೂಗು ಚುಚ್ಚಿಸಿಕೊಂಡು ಬಂದಳು. ಯಾವ ಕಡೆ ಅಂತ ಯಾರೂ ಕೇಳಲಿಲ್ಲ. ಮೂಗು ಊದಿಕೊಂಡು ನೋಯುತ್ತಿದ್ದರೂ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಮರುದಿನ ಬೆಳಗ್ಗೆ ಹೆಂಡತಿ ದೇವರ ಕೋಣೆಯಲ್ಲಿ ಹಿಂದಿನ ದಿನದ ಬಾಡಿದ ಹೂವು ತೆಗೆಯುತ್ತಿದ್ದರು. ಬೆಳ್ಳಿತಟ್ಟೆಯಲ್ಲಿ ದಾಸವಾಳದ ಕೆಳಗೆ ಏನೋ ಕೈಗೆ ಗಟ್ಟಿಯಾಗಿ ತಗುಲಿತು.

"ರೀ," ಅಂದರು. "ಹದಿನಾರು ಇಲ್ಲೇ ಇದೆ."

ಜೋಯಿಸರು ಬಂದು ನೋಡಿದರು. ಎರಡು ಪಟ್ಟಿಗಳೂ ಕುಂಕುಮ ಹಚ್ಚಿಕೊಂಡು ತಣ್ಣಗೆ ಮಲಗಿದ್ದವು. ಒರೆಸಿದ ಹಳೇ ನಾಲ್ಕನ್ನೇ ತಾವು ಮತ್ತೆ ಒಳಗೆ ಒತ್ತಿದ್ದರು.

ಕುಂಕುಮ ಬಿದ್ದದ್ದನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಅವು ಈಗಲೂ ಆ ದೇವರ ಕೋಣೆಯಲ್ಲಿವೆ. ದಿನಾ ಒಂದು ಹೂವು ಬೀಳುತ್ತದೆ. ಜೋಯಿಸರು ರಾತ್ರಿ ಮಲಗುವ ಮುಂಚೆ ಕಂಪ್ಯೂಟರ್ ಆಫ್ ಮಾಡುತ್ತಾರೆ. ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ಮನೆಯ ಫ್ಯಾನ್ ತಿರುಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ತಿರುಮಲ ಚಪ್ಪಲಿಯವರೆಗೆ ಬಂದ ಫೋಟೋ ನೆನೆಸಿಕೊಂಡು ಇನ್ನೂ ನಗುತ್ತಿದ್ದ. ನಗು ಇಳಿದ ಮೇಲೆ ತನ್ನ ಪ್ರಶ್ನೆ ನೆನಪಾಯಿತು.

"ಹಾಗಾದರೆ ಗುರುಗಳೇ, ನಾನು ಏನು ಮಾಡಲಿ? ಬ್ರಾಹ್ಮೀ ತುಪ್ಪ ಮುಂದುವರಿಸಲೇ?"

ಅವನ ಬೆನ್ನ ಹಿಂದೆ ಬಾವಿಯ ರಾಟೆ ಕಿರ್ ಅಂದಿತು. ತಿರುಮಲ ತಿರುಗಲಿಲ್ಲ.

ಗುರುಗಳು ಕೇಳಿದರು: "ನರಹರಿಯ ಜಾತಕವನ್ನು ಯಾವತ್ತು ಮುಚ್ಚುತ್ತೀಯಪ್ಪ?"