ಉಪ್ಪಿನ ಗಂಟು ಬಚ್ಚಿಟ್ಟ ಕಲ್ಲವ್ವ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳ ಮೈ ಆಗಷ್ಟೇ ಆರುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ನದಿಗೂ ಬರುತ್ತಿತ್ತು. ಈಗಲೂ ಬರುತ್ತದೆ, ಆದರೆ ಕೇಳುವಷ್ಟು ಹೊತ್ತು ನೀವೆಲ್ಲಿ ಸುಮ್ಮನೆ ಕೂರುತ್ತೀರಿ?

ಆಗ ನದಿಗಳೆಲ್ಲ ಬೆಟ್ಟದವ್ವನ ಹೆಣ್ಣುಮಕ್ಕಳು. ಕಡಲು ಅವರಿಗೆ ಅತ್ತೆಮನೆ. ಮಗಳು ಹೊರಡುವ ದಿನ ಬೆಟ್ಟದವ್ವ ಉಡಿ ತುಂಬುತ್ತಿದ್ದಳು. ನಾವಾದರೆ ಅಕ್ಕಿ, ಕೊಬ್ಬರಿ, ಅಡಿಕೆ ಹಾಕುತ್ತೇವೆ. ಬೆಟ್ಟದ ಮೇಲೆ ಅದೆಲ್ಲಿಂದ ಬರಬೇಕು? ಅವಳು ತನ್ನ ಬಂಡೆ ಕೆರೆದು, ಒಂದು ಹಿಡಿ ಉಪ್ಪು ತೆಗೆದು ಗಂಟು ಕಟ್ಟಿ ಕೊಡುತ್ತಿದ್ದಳು. ಆಮೇಲೂ ದಿನಾ ಒಂದೊಂದು ಹಿಡಿ ಹಿಂದಿನಿಂದ ಕಳಿಸುತ್ತಿದ್ದಳು. ಎಲ್ಲ ಸೊಸೆಯರ ಉಪ್ಪೂ ಕಡಲತ್ತೆಯ ಮನೆ ಸೇರುತ್ತಿತ್ತು.

ಕಿರಿಯ ಮಗಳ ಹೆಸರು ನಿಂಬೆವ್ವ. ಅವಳು ಹೊರಟಾಗ ಅವ್ವ ಎರಡೇ ಮಾತು ಹೇಳಿದಳು.

"ದಾರಿಯಾಗ ಒಂದು ತಗ್ಗು ಬರ್ತದ, ಸುತ್ತಲೂ ಗುಡ್ಡ. ಅಲ್ಲಿ ಮೈ ಚೆಲ್ಲಬ್ಯಾಡ. ಹರಡಿಕೊಂಡೀ ಅಂದ್ರ ಆಚೆ ಗುಡ್ಡ ಹತ್ತಾಕ ಆಗೂದಿಲ್ಲ. ಮತ್ತ ಬರಿಗೈಲೆ ಅತ್ತಿ ಮನಿ ಹೊಸ್ತಿಲ ತುಳಿಬ್ಯಾಡ."

"ಆತವ್ವ," ಅಂದಳು ನಿಂಬೆವ್ವ. ಎಲ್ಲ ಹೆಣ್ಣುಮಕ್ಕಳೂ ಹಾಗೇ ಅನ್ನುತ್ತಾರೆ.

ಆ ತಗ್ಗಿನಲ್ಲಿ ಕಲ್ಲವ್ವ ಅಂತ ಒಬ್ಬ ಆಡು ಕಾಯುವ ಹೆಂಗಸು ಇದ್ದಳು. ಮನೆಯಲ್ಲಿ ಅವಳ ಮಗಳು ಎಂಟು ದಿನದ ಬಾಣಂತಿ. ತಗ್ಗಿನಲ್ಲಿ ನೀರಿರಲಿಲ್ಲ, ಕಲ್ಲಿನ ಸಂದಿಯಲ್ಲಿ ಬೆಳಗಿನ ಇಬ್ಬನಿ ಕೂಡಿಸಿ ಕುಡಿಯಬೇಕು. ಬಾಣಂತಿಗೆ ಎದೆಹಾಲು ಬತ್ತಿತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು. ಅಳದ ಕೂಸನ್ನು ಕಂಡರೆ ಯಾರಿಗೆ ಜೀವ ಝಲ್ಲೆನ್ನುವುದಿಲ್ಲ?

ಅಂಥ ಹೊತ್ತಿನಲ್ಲಿ ನಿಂಬೆವ್ವ ಬಾಗಿಲ ಮುಂದೆ ಬಂದು ನಿಂತಳು. ಸಿಹಿ ನೀರು, ತಣ್ಣಗೆ, ಬಳುಕುತ್ತ. ಅವ್ವನ ಮಾತು ನೆನಪಿಟ್ಟು ಮೈ ಕೂಡಿಸಿಕೊಂಡೇ ನಿಂತಿದ್ದಳು.

ಕೂಸಿನ ಮುಖ ನೋಡಿ ಎರಡು ದಿನ ನೆಂಟಳಾಗಿ ಉಳಿದಳು. ಬಾಣಂತಿ ಹೊಟ್ಟೆ ತುಂಬ ಕುಡಿದಳು. ಮೂರನೆಯ ದಿನ ಹಾಲು ಇಳಿಯಿತು. ಕೂಸು ಕುಡಿದು, ತೇಗಿ, ಊರು ಕೇಳುವಂತೆ ಅತ್ತಿತು. ಕಲ್ಲವ್ವ ಆಡುಗಳ ನಡುವೆ ಕೂತು ತಾನೂ ಅತ್ತಳು.

"ಕಲ್ಲಕ್ಕ, ನಾಳೆ ಮುಂಜಾನೆ ಹೊರಡ್ತೀನಿ," ಅಂದಳು ನಿಂಬೆವ್ವ.

ಕಲ್ಲವ್ವ ಕೂಸಿನ ಕಡೆ ನೋಡಿದಳು. ಇವಳು ಹೋದರೆ ಹಾಲೂ ಹೋಯಿತು, ಕೂಸೂ ಹೋಯಿತು. ಆದರೆ ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ ನೋಡಿ. ನೆಂಟರು ಹೊರಟಾಗ ನಾವೇನು ಮಾಡುತ್ತೇವೆ? ಚೀಲ ಬಚ್ಚಿಡುತ್ತೇವೆ, ಚಪ್ಪಲಿ ಬಚ್ಚಿಡುತ್ತೇವೆ. ಹುಡುಕಿ ಸುಸ್ತಾಗಿ ಅವರೇ ಇನ್ನೊಂದು ದಿನ ಉಳಿಯುತ್ತಾರೆ. ನಗಬೇಡಿ, ನಿಮ್ಮ ಸೋದರಮಾವನ ಚಪ್ಪಲಿ ಹಿಟ್ಟಿನ ಡಬ್ಬಿಯಲ್ಲಿ ಇಟ್ಟವರು ಯಾರು ಅಂತ ನನಗೆ ಗೊತ್ತಿದೆ.

ಮಧ್ಯಾಹ್ನ ನಿಂಬೆವ್ವನಿಗೆ ಜೋಂಪು ಹತ್ತಿದಾಗ ಕಲ್ಲವ್ವ ಅವಳ ಉಡಿಯಿಂದ ಉಪ್ಪಿನ ಗಂಟು ಮೆಲ್ಲಗೆ ತೆಗೆದುಕೊಂಡಳು. ಆಡಿನ ದೊಡ್ಡಿಯ ಹಿಂದೆ ಕುಣಿ ತೋಡಿ ಇಟ್ಟಳು. ಮೇಲೆ ಮಣ್ಣು ಎಳೆದಳು.

ಎದ್ದ ನಿಂಬೆವ್ವ ಉಡಿ ಮುಟ್ಟಿ ನೋಡಿಕೊಂಡಳು. ಗಂಟು ಇರಲಿಲ್ಲ.

"ಕಲ್ಲಕ್ಕ, ನನ್ನ ಗಂಟು ಕಂಡ್ಯಾ?"

"ಇಲ್ಲಲ್ಲವಾ. ಇಲ್ಲೇ ಎಲ್ಲೋ ಬಿದ್ದಿರ್ತದ, ಹುಡುಕು," ಅಂದಳು ಕಲ್ಲವ್ವ. ಮುಖ ಮಾತ್ರ ಆ ಕಡೆ ತಿರುಗಿಸಿದ್ದಳು.

ನಿಂಬೆವ್ವ ಹುಡುಕಿದಳು. ಕಲ್ಲಿನ ಸಂದಿಯಲ್ಲಿ ಹುಡುಕಿದಳು, ಮುಳ್ಳುಕಂಟಿಯ ಬುಡದಲ್ಲಿ ಹುಡುಕಿದಳು. ಒಂದು ಕೈ ಈ ಮೂಲೆಗೆ ಚಾಚಿದಳು, ಒಂದು ಕೈ ಆ ಮೂಲೆಗೆ. ಹುಡುಕುತ್ತ ಹುಡುಕುತ್ತ ತಗ್ಗಿನ ತುಂಬ ಹರಡಿಕೊಂಡಳು. ಅವ್ವನ ಮಾತು ಅವಳಿಗೆ ನೆನಪೇ ಆಗಲಿಲ್ಲ.

ಕೂಸಿಗೆ ಹದಿಮೂರನೆಯ ದಿನ, ತೊಟ್ಟಿಲಿಗೆ ಹಾಕುವ ದಿನ ಬಂತು. ಆಡುಗಳು ನೀರಿಗೆ ಬಾಯಿಟ್ಟು ಹಿಂದೆ ಸರಿದವು. ಸಂಭ್ರಮದಲ್ಲಿದ್ದ ಕಲ್ಲವ್ವ ಅದನ್ನು ಗಮನಿಸಲಿಲ್ಲ. ಅದೇ ನೀರಿನಲ್ಲಿ ಗೋಧಿ ಹುಗ್ಗಿ ಮಾಡಿ ಬಾಣಂತಿಗೆ ಬಡಿಸಿದಳು.

ಮಗಳು ಒಂದು ತುತ್ತು ಬಾಯಿಗಿಟ್ಟು ಥೂ ಎಂದು ಉಗುಳಿದಳು.

"ಏನವ್ವಾ ಇದು? ಹುಗ್ಗಿಗೆ ಉಪ್ಪು ಸುರುವೀಯೇನು?"

ಕಲ್ಲವ್ವ ಓಡಿಹೋಗಿ ನೀರು ಬೊಗಸೆಯಲ್ಲಿ ಎತ್ತಿ ಕುಡಿದಳು. ಉಪ್ಪು. ಆಚೆ ಹೋಗಿ ಕುಡಿದಳು. ಉಪ್ಪು. ದೊಡ್ಡಿಯ ಹಿಂದಿನ ಕುಣಿಗೆ ನೀರು ನುಗ್ಗಿತ್ತು. ಕೈ ಹಾಕಿ ಗಂಟು ಮೇಲೆತ್ತಿದರೆ ಬರೀ ಒದ್ದೆ ಬಟ್ಟೆ ಬಂತು. ಮನೆಯ ಮುಂದೆ ಕಣ್ಣು ಹಾಯುವವರೆಗೆ ನೀರು, ಬಾಣಂತಿಗೆ ಕುಡಿಯಲು ಒಂದು ಗುಟುಕಿಲ್ಲ.

ಕಲ್ಲವ್ವ ಆ ಬಟ್ಟೆ ಹಿಡಿದುಕೊಂಡು ನೀರಿನಲ್ಲೇ ಕುಸಿದಳು.

"ನಾನೇ ಬಚ್ಚಿಟ್ಟೆ ತಂಗಿ. ನೀ ಹೋಗಬಾರದು ಅಂತ ಬಚ್ಚಿಟ್ಟೆ."

ನಂಬಿ ಬಂದ ಮನೆಯಲ್ಲಿ ಹೀಗಾಯಿತಲ್ಲ ಅಂತ ನಿಂಬೆವ್ವನಿಗೆ ದಿಗಿಲು ಬಡಿದಿತ್ತು. ಆಚೆ ಗುಡ್ಡ ಹತ್ತಲು ನೋಡಿದಳು. ಮೈ ಏಳಲಿಲ್ಲ. ಮತ್ತೊಮ್ಮೆ ನೋಡಿದಳು. ಆಗಲಿಲ್ಲ.

"ಕಲ್ಲಕ್ಕ," ಅಂದಳು ಕೊನೆಗೆ, "ಇರು ಅಂತ ಒಂದು ಮಾತು ಅಂದಿದ್ರ ಇರ್ತಿದ್ನಲ್ಲ. ತೊಟ್ಟಿಲಕ್ಕ ಹಾಕೂ ತನಕ ಇದ್ದು, ಸಿಹಿಯಾಗೇ ಇದ್ದು, ಅರ್ಧ ನೀರು ನಿಮಗ ಬಿಟ್ಟು ಹೋಗ್ತಿದ್ನಲ್ಲ. ಯಾಕ ಕೇಳಲಿಲ್ಲ?"

ಕಲ್ಲವ್ವ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಕೂತಳು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಕೂಸು ಎತ್ಕೊ," ಅಂದಳು ನಿಂಬೆವ್ವ. "ಬಾಣಂತಿನ್ನ ಕರ್ಕೊಂಡು ನನ್ನ ದಂಡಿ ಹಿಡಿದು ಮ್ಯಾಲಕ್ಕ ನಡಿ. ನಮ್ಮವ್ವನ ಮನಿ ಕಡೆ ನಾ ಇನ್ನೂ ಸಿಹಿ ಇದೀನಿ. ಇಲ್ಲಿ ನಿಲ್ಲಬ್ಯಾಡ, ಅವ್ವ ದಿನಾ ಇನ್ನೊಂದು ಹಿಡಿ ಉಪ್ಪು ಕಳಸ್ತಾಳ. ನಾ ಇನ್ನ ಹೋಗೂದಿಲ್ಲ ಅಂತ ಆಕಿಗೆ ಗೊತ್ತಿಲ್ಲ."

ಕಲ್ಲವ್ವ ಹೋದಳು. ಮೇಲೆ ಸಿಹಿ ನೀರು ಸಿಕ್ಕಿತು, ಕೂಸು ಬದುಕಿತು. ತಗ್ಗಿನಲ್ಲಿ ನಿಂಬೆವ್ವ ಒಬ್ಬಳೇ ಉಳಿದಳು. ಅವಳ ಅವಸ್ಥೆ ನೋಡಲಾರದೆ ಬಿಸಿಲು ಇಳಿದು ಬಂದು, ಅವಳನ್ನು ಹನಿಹನಿಯಾಗಿ ಮೇಲೆತ್ತಿಕೊಂಡಿತು. ಉಪ್ಪು ಎತ್ತಲು ಮಾತ್ರ ಅದಕ್ಕೆ ಆಗಲಿಲ್ಲ.

ಇತ್ತ ಕಡಲತ್ತೆ ಬಾಗಿಲಲ್ಲಿ ನಿಂತು ದಾರಿ ಕಾದಳು. ಕಾದು ಕಾದು ಗಾಳಿಯನ್ನು ಕಳಿಸಿದಳು. ಗಾಳಿಗೆ ವಿಷಯ ತಿಳಿದು ಮೈಯೆಲ್ಲ ಉರಿದುಹೋಯಿತು. ಎಂಥ ಜನರಪ್ಪ ಇವರು, ಬೇರೆ ಸೀಮೆಯವರಾದರೂ ಬುದ್ಧಿವಂತರಿರಬೇಕು ಅಂತ ಭೂಮಿಯೆಲ್ಲ ಸುತ್ತಿ ನೋಡಿತು. ಹಿಮದ ಬೆಟ್ಟಗಳ ನಡುವಿನ ತಗ್ಗಿನಲ್ಲಿ ನೋಡಿತು, ಮರಳುಗಾಡಿನ ತಗ್ಗಿನಲ್ಲಿ ನೋಡಿತು. ಗಾಳಿ ತೆರೆದ ಬಾಯಿ ಮುಚ್ಚಲಿಲ್ಲ. ಎಲ್ಲ ತಗ್ಗಿನಲ್ಲೂ ಒಬ್ಬೊಬ್ಬ ಕಲ್ಲವ್ವ ಇದ್ದಳು. ಎಲ್ಲರೂ ಗಂಟು ಬಚ್ಚಿಟ್ಟಿದ್ದರು, ಒಬ್ಬರೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ಲೋಕದ ಎಷ್ಟೋ ನದಿಗಳು ಕಡಲಿನ ಮುಖ ನೋಡದೆ ನಡುದಾರಿಯ ಉಪ್ಪು ಸರೋವರದಲ್ಲಿ ನಿಂತುಬಿಡುತ್ತವೆ, ಜನ ಮೇಲೆ ಸಿಹಿ ನೀರಿನ ದಂಡೆಯಲ್ಲಿ ಮನೆ ಕಟ್ಟುತ್ತಾರೆ, ಕೆಳಗೆ ಸರೋವರದ ಸುತ್ತ ಅತ್ತೆಯ ಕೈ ಸೇರದ ಉಪ್ಪು ಬೆಳ್ಳಗೆ ಬಿದ್ದಿರುತ್ತದೆ.