ಗಾಲಿಗೆ ನೀರೆರೆಯಲು ಬಂದ ನೀಲಕಂಠಜ್ಜನವರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಈ ಮೀಸೆ ನೋಡಲೆಂದೇ ಜನ ಸಂತೆಗೆ ಬರುತ್ತಾರೆಂಬುದೂ ನಿಜವೇ.

ಪೂಜ್ಯ ಶ್ರೀ ನೀಲಕಂಠಜ್ಜನವರು ಕಣಗಿನಹಾಳದ ಹಳೇ ಮಠದಲ್ಲಿ ಬಿಜಯಮಾಡಿದ್ದ ಕಾಲ. ಅಂಗಳದಲ್ಲಿ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಕಮ್ಮಾರ ಮಾನಪ್ಪ ಬಂದು ನಿಂತ, ಕೈ ಮುಗಿಯಲಿಲ್ಲ. ಸುತ್ತಿಗೆ ಬಿಟ್ಟು ಬೇರೆ ದೇವರನ್ನು ನಂಬದ ಆಸಾಮಿ. ಆದರೆ ಈಚೆಗೆ ಅವನು ಕಬ್ಬಿಣದ ಹಳಿ ತೊಡಿಸಿದ ಬಂಡಿಗಾಲಿಗಳೆಲ್ಲ ಸೀಳುತ್ತಿದ್ದವು. ಇನ್ನೊಂದು ಸೀಳಿದರೆ ಪಕ್ಕದೂರಿನ ಕುಲುಮೆಗೆ ಹೋಗುತ್ತೇವೆಂದು ಊರವರು ಹೇಳಿಬಿಟ್ಟಿದ್ದರು.

"ಮರ ಹಸಿ ಐತ್ರಿ ಅಜ್ಜಾರ. ನಮ್ಮ ಬೀಗ, ಆ ಬಡಿಗೇರ ಈರಪ್ಪ, ಬೇಕಂತನ ಹಸಿ ಮರ ಹಾಕ್ಯಾನ. ನಿಮ್ಮ ವಿಭೂತಿಗೆ ಅದನ್ನ ಒಣಗಸೂ ಶಕ್ತಿ ಇದ್ರ ಕೊಡ್ರಿ, ಇಲ್ಲಂದ್ರ ಇಲ್ಲ ಅನ್ರಿ."

ಅಜ್ಜನವರು ನಕ್ಕರು. "ಹಳಿಗೆ ನೀರ ಯಾರ ಹಾಕ್ತಾರ ತಮ್ಮಾ?"

"ನಾನೊಬ್ಬನ ಹಾಕ್ತೇನ್ರಿ," ಎಂದ ಮಾನಪ್ಪ. ಕೆಂಪಗೆ ಕಾಯಿಸಿದ ಹಳಿಯನ್ನು ಗಾಲಿಗೆ ತೊಡಿಸಿದ ಕೂಡಲೇ ಎರಡೂ ಬದಿಯಿಂದ ಒಟ್ಟಿಗೇ ನೀರೆರೆಯಬೇಕು. ಆಗಲೇ ಅದು ಸಮನಾಗಿ ಬಿಗಿಯುವುದು, ಇಲ್ಲದಿದ್ದರೆ ಗಾಲಿ ಸೀಳುತ್ತದೆ. ಒಂದು ಬದಿಗೆ ಕಮ್ಮಾರ, ಇನ್ನೊಂದು ಬದಿಗೆ ಗಾಲಿ ಮಾಡಿದ ಬಡಿಗ, ಇದು ಆ ಊರ ಪದ್ಧತಿ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ಎಲೆಅಡಿಕೆ ಮೊದಲು ಯಾರಿಗೆ ಕೊಟ್ಟರೆಂದು ಬೀಗರಿಬ್ಬರೂ ಮುನಿಸಿಕೊಂಡ ಮೇಲೆ ಈರಪ್ಪ ಕುಲುಮೆಯತ್ತ ಹಾಯ್ದಿರಲಿಲ್ಲ. ಬೇರೆಯವರನ್ನು ಕರೆಯಲು ಬಿಗುಮಾನ ಬಿಡದೆ ಮಾನಪ್ಪ ಒಬ್ಬನೇ ಸುತ್ತಿ ಸುತ್ತಿ ಎರೆಯುತ್ತಿದ್ದ.

"ನಾಳೆ ಆ ಬದಿ ನಾವು ಹಾಕ್ತೇವಿ," ಎಂದು ಅಜ್ಜನವರು ಅಪ್ಪಣೆ ಕೊಡಿಸಿದರು.

ಮರುದಿನ ಕೊಡ ಹೊತ್ತು ಬೆಂಕಿಯ ಪಕ್ಕ ನಿಂತೇಬಿಟ್ಟರು. ಝಳಕ್ಕೆ ಗಡ್ಡದ ತುದಿ ಸುರುಟತೊಡಗಿತು. ಎದುರಿನ ಕಟ್ಟೆಯಿಂದ ನೋಡುತ್ತಿದ್ದ ಈರಪ್ಪನಿಗೆ ತಡೆಯಲಾಗಲಿಲ್ಲ. ಓಡಿಬಂದು ಕೊಡ ಇಸಿದುಕೊಂಡ.

"ಸರೀರಿ ಅಜ್ಜಾರ, ಪಾಪ ನನಗ ಸುತ್ತಕೋತೈತಿ." ಮಾನಪ್ಪನತ್ತ ತಿರುಗಿ, "ಏನ್ ನೋಡ್ತಿ ಬೀಗಾ? ಹಳಿ ಎತ್ತು, ಆರಿಹೋಗತೈತಿ," ಎಂದ.

ಹಳಿ ಕೂತಿತು, ಎರಡೂ ಕೊಡ ಒಟ್ಟಿಗೇ ಬಗ್ಗಿದವು. ಹಬೆಯೊಳಗೆ ಮಾನಪ್ಪ ಕಿವಿಗೊಟ್ಟ. ಸೀಳುವ ಸದ್ದಿಲ್ಲ. ಕೀಲುಗಳು ಒಂದೊಂದಾಗಿ ಬಿಗಿದುಕೊಂಡು ಸುಮ್ಮನಾದವು. ಅವನು ಆ ಒದ್ದೆ ನೆಲದಲ್ಲೇ ಅಜ್ಜನವರ ಪಾದಕ್ಕೆ ಹಣೆ ಹಚ್ಚಿದ.

"ಮರ ಒಣಗೇ ಇತ್ತರಿ," ಎಂದ.

ಅಂದು ಮಠದಲ್ಲಿ ಬೀಗರಿಬ್ಬರೂ ಒಂದೇ ತಾಟಿನಲ್ಲಿ ಉಂಡರು.

ಒಂದೇ ತಾಟು ಎಂಬುದಷ್ಟೇ ನಾನು ಕಟ್ಟಿದ್ದು, ತಾಟು ಎರಡಿದ್ದವು. ಆದರೆ ಬೀಗನ ತಾಟಿನ ಬದನೆಕಾಯಿ ಪಲ್ಯಕ್ಕೆ ಮಾನಪ್ಪ ಕೇಳದೆ ಕೈ ಹಾಕಿದ್ದು ಖರೆ.